ಗಾಳಿಯನ್ನು ತೆಗೆದರೆ ಸಾಕೆ? ಮನೆಗೊಂದು ವ್ಯಾಕ್ಯೂಮ್ ಸೀಲರ್ ಕೊಳ್ಳುವ ಮುನ್ನ

ಹೊಸಪೇಟೆಯ ಬೇಸಗೆ ಎಂತಹುದೆಂಬುದನ್ನು ಅಲ್ಲಿ ಒಂದು ಏಪ್ರಿಲ್ ತಿಂಗಳನ್ನು ಕಳೆದವರಿಗೆ ವಿವರಿಸಿ ಹೇಳಬೇಕಾಗಿಲ್ಲ. ನೆರಳಿನಲ್ಲಿಯೇ ಉಷ್ಣತೆ 40 ಡಿಗ್ರಿ ಸೆಂಟಿಗ್ರೇಡನ್ನು ಮುಟ್ಟುವ ದಿನಗಳುಂಟು. ಬೆಳಗ್ಗೆ ಮಾಡಿದ ಸಾರು ಸಂಜೆಗೆ ಹಳಸುತ್ತದೆ. ರಾತ್ರಿ ಉಳಿದ ಅನ್ನ ಬೆಳಗಿಗೆ ಹುಳಿವಾಸನೆ ಹಿಡಿಯುತ್ತದೆ. ಅಂತಹ ಒಂದು ದಿನ ಅಲ್ಲಿನ ಮಿತ್ರರೊಬ್ಬರ ಮನೆಗೆ ನಾವು ಹೋಗಿದ್ದಾಗ, ಆ ಮನೆಯಲ್ಲಿ ಒಂದು ಚರ್ಚೆ ನಡೆದಿತ್ತು.

ಮನೆಯ ಹಿರಿಯ ಮಗ ಸಂಡೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ತುಂಗಭದ್ರಾ ಜಲಾಶಯದ ಮೀನೆಂದರೆ ಅವನಿಗೆ ಬಹಳ ಇಷ್ಟ. ವಾರಕ್ಕೊಮ್ಮೆ ಮೀನನ್ನು ಹುರಿದು ಬಸ್ಸಿನಲ್ಲಿ ಹೋಗುವವರ ಕೈಯಲ್ಲಿ ಕಳುಹಿಸಬೇಕೆಂಬುದು ತಾಯಿಯ ಆಸೆ. ನೆರೆಮನೆಯವರು ಹೊಸದಾಗಿ ಒಂದು ವ್ಯಾಕ್ಯೂಮ್ ಸೀಲರನ್ನು, ಎಂದರೆ ಪ್ಲಾಸ್ಟಿಕ್ ಚೀಲದೊಳಗಿನ ಗಾಳಿಯನ್ನು ಹೀರಿ ಅದರ ಬಾಯನ್ನು ಕಾಯಿಸಿ ಬೆಸೆಯುವ ಯಂತ್ರವನ್ನು ತಂದಿದ್ದರು. ಹಿಂದಿನ ರಾತ್ರಿ ಆ ಯಂತ್ರದಲ್ಲಿ ಬಿಗಿದ ಮೀನಿನ ಪೊಟ್ಟಣವೊಂದು ಅಡುಗೆಮನೆಯ ಗೂಡಿನಲ್ಲಿ ಕುಳಿತಿತ್ತು, ಫ್ರಿಜ್ಜಿನಲ್ಲಲ್ಲ, ಗೂಡಿನಲ್ಲಿ. ಚೀಲ ಮೀನಿನ ಮೈಗೆ ಚರ್ಮದಂತೆ ಅಂಟಿಕೊಂಡಿತ್ತು. ನೋಡಲು ಬಹಳ ಅಚ್ಚುಕಟ್ಟು.

"ಒಳಗೆ ಗಾಳಿಯೇ ಇಲ್ಲವಲ್ಲ, ಇನ್ನು ಕೆಡುವುದು ಹೇಗೆ?" ಎಂದರು ಮನೆಯಾಕೆ. ಪಿ.ಯು.ಸಿ. ಓದುತ್ತಿರುವ ಮಗಳಿಗೆ ಮಾತ್ರ ಅನುಮಾನ. "ಮಾಮಾ, ಯಾವ ಯಂತ್ರ ಕೊಳ್ಳಬೇಕೆಂದು ಅಪ್ಪ ನಿಮ್ಮನ್ನೇ ಕೇಳಬೇಕೆಂದಿದ್ದರು. ಅದಕ್ಕೆ ಮೊದಲು ಅವ್ವ ಹೇಳುವುದು ಸರಿಯೇ ಹೇಳಿ" ಎಂದಳು.

ಆ ಪೊಟ್ಟಣವನ್ನು ನಾವು ಎಸೆಯಿಸಿದೆವು. ಮೀನಿನ ಬೆಲೆಯನ್ನು ನೆನೆದು ಮನೆಯಾಕೆ ನೊಂದುಕೊಂಡರೆಂಬುದು ನಿಜ. ಅದನ್ನು ಏಕೆ ಎಸೆಯಬೇಕಾಯಿತೆಂಬುದು ತಿಳಿದರೆ, ಯಾವ ಯಂತ್ರವನ್ನು ಕೊಳ್ಳಬೇಕೆಂಬ ಪ್ರಶ್ನೆಗೆ ಅರ್ಧ ಉತ್ತರ ದೊರೆತಂತೆಯೇ.

ಚೀಲವನ್ನು ಒತ್ತುವವರು ಯಾರು?

ಯಂತ್ರ ಚೀಲವನ್ನು ಬಿಗಿಯುತ್ತದೆಂದು ನಾವು ಆಡುವುದು ವಾಡಿಕೆ. ವಾಸ್ತವವಾಗಿ ಯಂತ್ರ ಮಾಡುವುದು ಒಳಗಿನ ಗಾಳಿಯನ್ನು ಹೊರಹಾಕುವ ಕೆಲಸವನ್ನಷ್ಟೆ. ಚೀಲವನ್ನು ಒತ್ತುವುದು ನಮ್ಮ ಸುತ್ತಲಿನ ವಾಯುಮಂಡಲ. ಜರ್ಮನಿಯ ಮಾಗ್ಡೆಬರ್ಗ್ ನಗರದ ಆಟೋ ಫಾನ್ ಗೆರಿಕೆ 1650ರ ದಶಕದಲ್ಲಿ ಎರಡು ಲೋಹದ ಅರೆಗೋಲಗಳನ್ನು ಜೋಡಿಸಿ, ತಾನೇ ರಚಿಸಿದ ಪಂಪಿನಿಂದ ಒಳಗಿನ ಗಾಳಿಯನ್ನು ತೆಗೆದಾಗ, ಎರಡೂ ಕಡೆಯಿಂದ ಕುದುರೆಗಳು ಎಳೆದರೂ ಅವು ಬೇರ್ಪಡಲಿಲ್ಲವೆಂಬುದನ್ನು ನೀವು ಪಾಠದಲ್ಲಿ ಓದಿರಬಹುದು. ನಮ್ಮ ಅಡುಗೆಮನೆಯ ಯಂತ್ರ ಆ ಪಂಪಿನ ಮರಿಮಗು.

ಸ್ವಲ್ಪ ಲೆಕ್ಕ ಹಾಕೋಣ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 101 ಕಿಲೋಪಾಸ್ಕಲ್. ಹೊಸಪೇಟೆ ಸುಮಾರು 480 ಮೀಟರ್ ಎತ್ತರದಲ್ಲಿದೆ. ಅಲ್ಲಿ ಅದು 96ರಷ್ಟಿರುತ್ತದೆ. ಮನೆಬಳಕೆಯ ಯಂತ್ರಗಳ ಡಬ್ಬಿಯ ಮೇಲೆ 60 ಎಂದೋ 80 ಎಂದೋ ಕಿಲೋಪಾಸ್ಕಲ್ ಸಂಖ್ಯೆಯನ್ನು ಬರೆದಿರುತ್ತಾರೆ. ಹೊರಗಿನ ಒತ್ತಡಕ್ಕಿಂತ ಒಳಗಿನದನ್ನು ಅಷ್ಟು ಕಡಿಮೆ ಮಾಡಬಲ್ಲದೆಂಬುದು ಅದರ ಅರ್ಥ. 80ರ ಯಂತ್ರ ಹೊಸಪೇಟೆಯಲ್ಲಿ ಚೀಲದೊಳಗೆ 16 ಕಿಲೋಪಾಸ್ಕಲ್ ಉಳಿಸುತ್ತದೆ, ಎಂದರೆ ಗಾಳಿಯಲ್ಲಿ ಆರರಲ್ಲೊಂದು ಪಾಲು. 60ರ ಯಂತ್ರವಾದರೆ ಮೂರರಲ್ಲೊಂದು ಪಾಲಿಗಿಂತ ಹೆಚ್ಚು. "ಗಾಳಿಯೇ ಇಲ್ಲ" ಎಂಬುದು ಹೀಗೆ ಮೊದಲ ಹೆಜ್ಜೆಯಲ್ಲಿಯೇ ಪೂರ್ತಿ ನಿಜವಲ್ಲ.

ಆದರೂ ಇದೇನೂ ಅಲ್ಪ ಬಲವಲ್ಲ. 20 ಸೆಂಟಿಮೀಟರ್ ಅಗಲ, 25 ಸೆಂಟಿಮೀಟರ್ ಉದ್ದದ ಚೀಲದ ಒಂದು ಮುಖದ ಮೇಲೆ 80 ಕಿಲೋಪಾಸ್ಕಲಿನ ಒತ್ತಡ ಬಿದ್ದರೆ ಅದು ಸುಮಾರು 400 ಕಿಲೋಗ್ರಾಂ ತೂಕಕ್ಕೆ ಸಮ. ನಾಲ್ಕು ಕ್ವಿಂಟಾಲ್ ಭತ್ತವನ್ನು ಮೇಲೆ ಹೇರಿದಂತೆ! ಮಂಡಕ್ಕಿಯನ್ನೋ ಖಡಕ್ ರೊಟ್ಟಿಯನ್ನೋ ಇದರಲ್ಲಿ ಬಿಗಿದರೆ ಪುಡಿಯೇ ಗತಿ. ಅವು ಒಣಗಿರುವುದರಿಂದಲೇ ಉಳಿಯತಕ್ಕ ತಿನಿಸುಗಳು. ಅವಕ್ಕೆ ಯಂತ್ರದ ಹಂಗಿಲ್ಲ.

ಚಳಿಯ ಕೆಲಸ, ಚೀಲದ ಕೆಲಸ

ಆಹಾರ ಕೆಡುವುದಕ್ಕೆ ಮುಖ್ಯ ಕಾರಣಗಳು ಮೂರು: ಸೂಕ್ಷ್ಮಜೀವಿಗಳು ಬೆಳೆಯುವುದು, ಆಹಾರದಲ್ಲಿಯೇ ಇರುವ ಕಿಣ್ವಗಳು ಅದನ್ನು ಮಾರ್ಪಡಿಸುವುದು, ಆಮ್ಲಜನಕ ಕೊಬ್ಬನ್ನೂ ಬಣ್ಣವನ್ನೂ ಕೆಡಿಸುವುದು. ಫ್ರೀಜರಿನ ಮೈನಸ್ 18 ಡಿಗ್ರಿ ಚಳಿಯಲ್ಲಿ ನೀರು ಬಹುಪಾಲು ಮಂಜುಗಡ್ಡೆಯಾಗುವುದರಿಂದ ಸೂಕ್ಷ್ಮಜೀವಿಗಳ ಬೆಳವಣಿಗೆ ನಿಲ್ಲುತ್ತದೆ. ಅವು ಸಾಯುವುದಿಲ್ಲ, ಮಲಗುತ್ತವೆ ಎಂಬುದನ್ನು ನೆನಪಿಡಿ. ಕರಗಿದೊಡನೆ ಮತ್ತೆ ಏಳುತ್ತವೆ. ಕಿಣ್ವಗಳು ನಿಧಾನವಾಗುತ್ತವೆ, ನಿಲ್ಲುವುದಿಲ್ಲ. ಅದಕ್ಕಾಗಿಯೇ ಬಟಾಣಿ, ಹುರುಳಿಕಾಯಿಗಳನ್ನು ಕುದಿಯುವ ನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ, ತಣ್ಣೀರಿನಲ್ಲಿ ಆರಿಸಿ, ಬಳಿಕ ಫ್ರೀಜರಿಗೆ ಇಡುವುದು.

ಹಾಗಾದರೆ ಚೀಲದ ಕೆಲಸವೇನು? ಡಬ್ಬಿಯ ಮುಚ್ಚಳ ಸಡಿಲವಾದರೆ ಕರ್ಪೂರ ದಿನದಿನಕ್ಕೆ ಸಣ್ಣದಾಗುವುದನ್ನು ನೀವು ಕಂಡಿದ್ದೀರಿ. ಅದು ಕರಗಿ ನೀರಾಗದೆ ನೇರವಾಗಿ ಆವಿಯಾಗುತ್ತದೆ. ಫ್ರೀಜರಿನ ಒಣಗಾಳಿಯಲ್ಲಿ ಮಂಜುಗಡ್ಡೆಯೂ ಹೀಗೆಯೇ ಮಾಡುತ್ತದೆ. ಸಡಿಲವಾಗಿ ಕಟ್ಟಿದ ಮೀನಿನ ಮೈಯಿಂದ ಮಂಜು ಆವಿಯಾಗಿ ಹೊರಟು ಚೀಲದ ಒಳಮೈಯಲ್ಲಿ ಹರಳುಗಟ್ಟುತ್ತದೆ. ಮೀನಿನ ಮೇಲೆ ಒಣಗಿದ, ಬೆಳ್ಳಗಿನ, ನಾರಿನಂತಹ ಕಲೆಗಳು ಏಳುತ್ತವೆ. ತಿಂದರೆ ಅಪಾಯವಿಲ್ಲ, ಆದರೆ ರುಚಿಯೂ ಇಲ್ಲ. ಚೀಲ ಮೈಗೆ ಅಂಟಿಕೊಂಡಿದ್ದರೆ ಆವಿ ಹೋಗಲು ಎಡೆಯೇ ಇಲ್ಲ. ಆಮ್ಲಜನಕ ಕಡಿಮೆಯಾದುದರಿಂದ ಮೀನಿನ ಎಣ್ಣೆ ಕಮಟುವುದೂ ತಡವಾಗುತ್ತದೆ.

ಹೀಗೆ ಆಹಾರವನ್ನು ಕಾಯುವುದು ಚಳಿ. ಚಳಿಯಲ್ಲಿ ಅದರ ರುಚಿಯನ್ನು ಕಾಯುವುದು ಚೀಲ. ಮೊದಲನೆಯದಿಲ್ಲದೆ ಎರಡನೆಯದು ನಿರರ್ಥಕ. ಅಷ್ಟೇ ಅಲ್ಲ, ಅಪಾಯಕಾರಿ.

ಗಾಳಿಯಿಲ್ಲದೆಡೆ ಬೆಳೆಯುವ ವೈರಿ

ಸೂಕ್ಷ್ಮಜೀವಿಗಳೆಲ್ಲವೂ ನಮ್ಮಂತೆ ಆಮ್ಲಜನಕವನ್ನು ಬಯಸುವುವಲ್ಲ. ಕ್ಲಾಸ್ಟ್ರಿಡಿಯಂ ಬಾಟುಲಿನಮ್ ಎಂಬ ಬ್ಯಾಕ್ಟೀರಿಯ ಆಮ್ಲಜನಕವಿದ್ದೆಡೆ ಬೆಳೆಯಲಾರದು. ಅದರ ಬೀಜಕಣಗಳು ಮಣ್ಣಿನಲ್ಲಿಯೂ ಕೆರೆ ಹೊಳೆಗಳ ಕೆಸರಿನಲ್ಲಿಯೂ ಇರುತ್ತವೆ. ಅಲ್ಲಿಂದ ಮೀನಿಗೂ ತರಕಾರಿಗೂ ಬರುತ್ತವೆ. ಸಾಧಾರಣ ಅಡುಗೆಯ ಕುದಿತಕ್ಕೆ ಆ ಬೀಜಕಣಗಳು ಸಾಯುವುದಿಲ್ಲ. ಗಾಳಿ ತೆಗೆದ ಚೀಲ, ಒದ್ದೆಯಾದ ಆಹಾರ, ಹೊಸಪೇಟೆಯ ಸೆಕೆ, ಈ ಮೂರೂ ಕೂಡಿದರೆ ಅವು ಮೊಳೆತು ಬೆಳೆಯಲು ಅನುಕೂಲ ಒದಗುತ್ತದೆ. ಆಗ ಅವು ಹೊರಬಿಡುವ ವಿಷ ನರಗಳನ್ನು ಹಿಡಿದು ಪಾರ್ಶ್ವವಾಯುವಿನಂತೆ ಸ್ನಾಯುಗಳನ್ನು ಸೋಲಿಸುತ್ತದೆ. ಉಸಿರಾಟದ ಸ್ನಾಯುಗಳು ಸೋತರೆ ಪ್ರಾಣಕ್ಕೇ ಸಂಚಕಾರ. ಈ ರೋಗ ಅಪರೂಪವೆಂಬುದು ನಿಜ. ಆದರೆ ಆ ವಿಷವಿದ್ದ ಆಹಾರಕ್ಕೆ ದುರ್ವಾಸನೆ ಇರಲೇಬೇಕೆಂದಿಲ್ಲ. ಗಾಳಿಯಾಡುವ ಪಾತ್ರೆಯಲ್ಲಿ ಮೀನು ಕೆಟ್ಟರೆ ನಾತ ನಮ್ಮನ್ನು ಎಚ್ಚರಿಸುತ್ತದೆ. ಬಿಗಿದ ಚೀಲದಲ್ಲಿ ಆ ಎಚ್ಚರಿಕೆಯ ಗಂಟೆ ಬಾರಿಸದೆ ಹೋಗಬಹುದು. ಗೂಡಿನ ಪೊಟ್ಟಣವನ್ನು ನಾವು ಎಸೆಯಿಸಿದುದು ಇದಕ್ಕಾಗಿ.

ಮೀನಿನಲ್ಲಿ ಕಂಡುಬರುವ ಈ ಜಾತಿಯ ಕೆಲವು ಬಗೆಗಳು ಸುಮಾರು 3 ಡಿಗ್ರಿಗಿಂತ ಮೇಲೆ, ಎಂದರೆ ಫ್ರಿಜ್ಜಿನ ಕೆಳ ಅಂಕಣದಲ್ಲಿಯೂ ನಿಧಾನವಾಗಿ ಬೆಳೆಯಬಲ್ಲವು. ಆದುದರಿಂದ ಬಿಗಿದ ಮೀನನ್ನು ಫ್ರೀಜರಿನಿಂದ ತೆಗೆದು ಕರಗಿಸಲು ಫ್ರಿಜ್ಜಿನಲ್ಲಿಡುವಾಗ ಚೀಲವನ್ನು ಮೊದಲು ಕತ್ತರಿಸಿ ತೆರೆಯಬೇಕು.

"ಅಂಗಡಿಯಲ್ಲಿ ಪಲಾವಿನ ಪೊಟ್ಟಣಗಳನ್ನು ತಿಂಗಳುಗಟ್ಟಲೆ ಹೊರಗೇ ಇಟ್ಟಿರುತ್ತಾರಲ್ಲ, ಮಾಮಾ?" ಎಂದು ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಆ ಪೊಟ್ಟಣಗಳನ್ನು ಮುಚ್ಚಿದ ಬಳಿಕ ಒತ್ತಡದ ಪಾತ್ರೆಯಲ್ಲಿಟ್ಟು ಸುಮಾರು 121 ಡಿಗ್ರಿಗೆ ಕಾಯಿಸಿ ಬೀಜಕಣಗಳನ್ನೂ ಕೊಂದಿರುತ್ತಾರೆ. ಮೈಸೂರಿನಲ್ಲಿ 1961ರಲ್ಲಿ ಸ್ಥಾಪಿತವಾದ ರಕ್ಷಣಾ ಆಹಾರ ಸಂಶೋಧನಾಲಯ ನಮ್ಮ ಸೈನಿಕರಿಗಾಗಿ ಇಂತಹ ಪೊಟ್ಟಣಗಳನ್ನು ಸಿದ್ಧಗೊಳಿಸಿ ಹೆಸರಾಗಿದೆ. ಹೊರನೋಟಕ್ಕೆ ಎರಡು ಪೊಟ್ಟಣಗಳೂ ಅಣ್ಣತಮ್ಮಂದಿರಂತಿದ್ದರೂ ಒಂದು ಬೆಂಕಿಯಲ್ಲಿ ಬೆಂದು ಬಂದದ್ದು, ಇನ್ನೊಂದು ಕೇವಲ ಗಾಳಿ ಕಳೆದುಕೊಂಡದ್ದು.

ನಾಲ್ಕು ಊರಿನ ನಾಲ್ಕು ಪದಾರ್ಥ

ಯಂತ್ರವನ್ನು ಆರಿಸುವ ಮುನ್ನ ಅದರೊಳಗೆ ಹಾಕುವುದೇನೆಂಬುದನ್ನು ನಿರ್ಧರಿಸಬೇಕು. ಆ ಮನೆಗೆ ಬರುವ ಪದಾರ್ಥಗಳನ್ನೇ ಎತ್ತಿಕೊಂಡು ನಾವು ಹುಡುಗಿಯೊಡನೆ ಒಂದು ಪಟ್ಟಿ ಮಾಡಿದೆವು.

ಮೊದಲನೆಯದು ಹೊಸಪೇಟೆಯ ಮೀನು. ಇದು ಒದ್ದೆಯಾದ ಪದಾರ್ಥ. ಹೀರುವಾಗ ರಸ ಚೀಲದ ಬಾಯಿಗೆ ಬಂದರೆ ಬೆಸುಗೆ ಕೂಡುವುದಿಲ್ಲ. ತುಂಡುಗಳನ್ನು ತೊಳೆದು, ಒರೆಸಿ, ತಟ್ಟೆಯಲ್ಲಿ ಹರಡಿ ಒಂದೆರಡು ಗಂಟೆ ಫ್ರೀಜರಿನಲ್ಲಿ ಗಟ್ಟಿಮಾಡಿ ಆಮೇಲೆ ಬಿಗಿಯಬೇಕು. ಮುಳ್ಳು ಚೀಲವನ್ನು ಚುಚ್ಚದಂತೆ ನೋಡಿಕೊಳ್ಳಬೇಕು.

ಎರಡನೆಯದು ಹಂಪಿಯ ಬಯಲಿನ ಬಾಳೆ. ವಿಜಯನಗರದ ಅರಸರ ಕಾಲದ ಕಾಲುವೆಗಳ ನೀರು ಇಂದಿಗೂ ಅಲ್ಲಿನ ತೋಟಗಳಿಗೆ ಹರಿಯುತ್ತದೆ. ಹಣ್ಣು ಗಿಡದಿಂದ ಕಿತ್ತ ಮೇಲೂ ಜೀವಂತವಾಗಿದ್ದು ಉಸಿರಾಡುತ್ತಿರುತ್ತದೆ. ಅದನ್ನು ಚೀಲದಲ್ಲಿ ಬಿಗಿದು ಹೊರಗಿಟ್ಟರೆ ಅದು ಉಸಿರುಕಟ್ಟಿ, ಹುದುಗಿ, ಚೀಲವನ್ನು ಉಬ್ಬಿಸುತ್ತದೆ. ಸುಲಿದು, ಹೋಳುಮಾಡಿ, ಗಟ್ಟಿಮಾಡಿ ಬಿಗಿದರೆ ಹಣ್ಣು ಕಪ್ಪಾಗದೆ ಹಾಲಿನ ಪಾನಕಗಳಿಗೆ ಒದಗುತ್ತದೆ. ಮಾಗಿದ ಗೊನೆ ಒಮ್ಮೆಗೇ ಮನೆಗೆ ಬಂದಾಗ ಇದು ಉಪಯುಕ್ತ.

ಮೂರನೆಯದು ಸಂಡೂರಿನ ಗುಡ್ಡಗಳ ಸೀತಾಫಲ. ಮಾವಿನ ರಸದಂತೆ ಇದನ್ನು ಕುದಿಸಿ ಇಡಲಾಗದು; ಕಾಯಿಸಿದರೆ ತಿರುಳು ಕಹಿಯಾಗುತ್ತದೆ. ಹಾಗೆಯೇ ಬಿಟ್ಟರೆ ಕಿಣ್ವವೂ ಆಮ್ಲಜನಕವೂ ಕೂಡಿ ಅದನ್ನು ಕಂದುಬಣ್ಣಕ್ಕೆ ತಿರುಗಿಸುತ್ತವೆ. ಹೀಗೆ ಬೆಂಕಿಯನ್ನೂ ಗಾಳಿಯನ್ನೂ ಒಲ್ಲದ ಈ ಹಣ್ಣಿಗೆ ಚಳಿ ಮತ್ತು ಬಿಗಿದ ಚೀಲಗಳ ಜೊತೆ ಹೇಳಿ ಮಾಡಿಸಿದಂತಿದೆ. ಬೀಜ ತೆಗೆದ ತಿರುಳನ್ನು ಚಿಕ್ಕ ಬಟ್ಟಲುಗಳಲ್ಲಿ ಹೆಪ್ಪುಗಟ್ಟಿಸಿ, ಗಟ್ಟೆಗಳನ್ನು ಚೀಲದಲ್ಲಿ ಬಿಗಿಯಬೇಕು.

ನಾಲ್ಕನೆಯದು ಕಂಪ್ಲಿಯ ಅಕ್ಕಿ. ಇದು ಚೆನ್ನಾಗಿ ಒಣಗಿರುವುದರಿಂದ ಸೂಕ್ಷ್ಮಜೀವಿಗಳಿಗೆ ನೀರು ಸಾಲದು; ಬಾಟುಲಿನಮ್ಮಿನ ಭಯವಿಲ್ಲ. ಇಲ್ಲಿಯ ವೈರಿ ನುಸಿಹುಳು. ಅದಕ್ಕೆ ಆಮ್ಲಜನಕ ಬೇಕೇ ಬೇಕು. ಆದಕಾರಣ ಅಕ್ಕಿ ಬೇಳೆಗಳನ್ನು ಮಾತ್ರ ಬಿಗಿದು ಹೊರಗೇ ಇಡಬಹುದು. ಅದೇ ಅಕ್ಕಿ ಅನ್ನವಾದೊಡನೆ ನಿಯಮ ತಲೆಕೆಳಗಾಗುತ್ತದೆ: ಬೇಗ ಆರಿಸಿ ಒಡನೆಯೇ ಫ್ರಿಜ್ಜಿಗೋ ಫ್ರೀಜರಿಗೋ ಸೇರಿಸಬೇಕು.

ಯಾವ ಯಂತ್ರ?

ಪೇಟೆಯಲ್ಲಿ ದೊರೆಯುವುವು ಮುಖ್ಯವಾಗಿ ಮೂರು ಬಗೆ.

ಒಂದನೆಯದು ಕೈಪಂಪು. ಚೀಲಕ್ಕೆ ಒತ್ತಿ ಮುಚ್ಚುವ ಬಾಯಿಯೂ ಗಾಳಿ ಹೋಗಲು ಒಂದು ಚಿಕ್ಕ ಕವಾಟವೂ ಇರುತ್ತವೆ. ಅಗ್ಗ, ವಿದ್ಯುತ್ತು ಬೇಡ, ಚೀಲವನ್ನು ತೊಳೆದು ಮತ್ತೆ ಬಳಸಬಹುದು. ಆದರೆ ಬಾಯಿ ಬೆಸೆದದ್ದಲ್ಲವಾದ್ದರಿಂದ ವಾರಗಳಲ್ಲಿ ಗಾಳಿ ಒಳನುಸುಳಬಹುದು.

ಎರಡನೆಯದು ಚೀಲದ ಬಾಯನ್ನಷ್ಟೆ ಕಚ್ಚಿ ಹೀರುವ ವಿದ್ಯುತ್ ಯಂತ್ರ. ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಇದು. ಇದಕ್ಕೆ ಸಾಮಾನ್ಯವಾಗಿ ಒಳಮೈಯಲ್ಲಿ ಉಬ್ಬುಗೆರೆಗಳಿರುವ ಚೀಲವೇ ಬೇಕು; ನುಣುಪಾದ ಚೀಲದಲ್ಲಿ ಎರಡು ಹಾಳೆಗಳು ಒಂದಕ್ಕೊಂದು ಅಂಟಿ ಗಾಳಿಯ ದಾರಿಯೇ ಮುಚ್ಚಿಹೋಗುತ್ತದೆ. ದ್ರವಪದಾರ್ಥಗಳಿಗೆ ಇದು ಒಗ್ಗದು. ನಾವು ಒಮ್ಮೆ ಹೆಪ್ಪುಗಟ್ಟಿಸದ ಸೀತಾಫಲದ ತಿರುಳನ್ನೇ ಬಿಗಿಯಲು ಹೋಗಿ, ತಿರುಳೆಲ್ಲ ಯಂತ್ರದ ಹೊಟ್ಟೆ ಸೇರಿ, ಅರ್ಧ ದಿನ ಅದನ್ನು ತೊಳೆಯುತ್ತ ಕುಳಿತದ್ದುಂಟು.

ಮೂರನೆಯದು ಪೆಟ್ಟಿಗೆಯ ಯಂತ್ರ. ಚೀಲವನ್ನು ಇಡಿಯಾಗಿ ಪೆಟ್ಟಿಗೆಯೊಳಗಿಟ್ಟು ಮುಚ್ಚಳ ಹಾಕಿದರೆ ಚೀಲದ ಒಳಗೂ ಹೊರಗೂ ಗಾಳಿ ಒಟ್ಟಿಗೇ ಇಳಿಯುತ್ತದೆ. ಒತ್ತಡ ಎರಡೂ ಕಡೆ ಸಮವಾಗಿರುವುದರಿಂದ ಸಾರು ಕೂಡ ಹೊರಚೆಲ್ಲುವುದಿಲ್ಲ. ನುಣುಪಾದ ಅಗ್ಗದ ಚೀಲ ಸಾಕು. ಆದರೆ ಯಂತ್ರ ಭಾರ, ಬೆಲೆಯೂ ಭಾರ. ತಿನಿಸನ್ನು ಮಾಡಿ ಮಾರುವವರಿಗೆ ಇದು ತಕ್ಕದ್ದು. ಬಿಸಿ ಸಾರನ್ನು ಮಾತ್ರ ಇದರಲ್ಲಿಯೂ ಇಡಬಾರದು. ಒತ್ತಡ ಇಳಿದಂತೆ ನೀರು ಕುದಿಯುವ ಉಷ್ಣತೆಯೂ ಇಳಿಯುತ್ತದೆ; 16 ಕಿಲೋಪಾಸ್ಕಲಿನಲ್ಲಿ ನೀರು ಸುಮಾರು 55 ಡಿಗ್ರಿಗೇ ಕುದಿಯುವುದು.

ಇವಾವುವೂ ಬೇಡವೆನ್ನುವವರಿಗೆ ಕಾಸಿಲ್ಲದ ನಾಲ್ಕನೆಯ ದಾರಿಯೊಂದಿದೆ. ಒತ್ತಿ ಮುಚ್ಚುವ ಚೀಲದಲ್ಲಿ ಪದಾರ್ಥವನ್ನು ತುಂಬಿ, ಬಾಯನ್ನು ಒಂದು ಮೂಲೆಯಲ್ಲಿ ಬಿಟ್ಟು ಉಳಿದುದನ್ನು ಮುಚ್ಚಿ, ಬಕೆಟ್ಟಿನ ನೀರಿನಲ್ಲಿ ಆ ಮೂಲೆ ಮಾತ್ರ ಮೇಲಿರುವಂತೆ ನಿಧಾನವಾಗಿ ಮುಳುಗಿಸಿರಿ. ಸುತ್ತಲಿನ ನೀರು ಚೀಲವನ್ನು ಒತ್ತಿ ಗಾಳಿಯನ್ನು ಮೂಲೆಯಿಂದ ಹೊರಡಿಸುತ್ತದೆ. ಆಗ ಮೂಲೆಯನ್ನು ಮುಚ್ಚಿ ಹೊರತೆಗೆಯಿರಿ. ತಿಂಗಳಿಗೊಂದೆರಡು ಸಲ ಮಾತ್ರ ಆಹಾರವನ್ನು ಹೆಪ್ಪುಗಟ್ಟಿಸುವ ಮನೆಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ. ಶಾಲೆಯಲ್ಲಿ ಮಾಡಿ ನೋಡುವುದಕ್ಕೂ ಇದು ಚೆಂದದ ಪ್ರಯೋಗ.

ಕೊಳ್ಳುವ ಮುನ್ನ

ಎರಡನೆಯ ಬಗೆಯನ್ನು ಕೊಳ್ಳುವವರು ಕೆಲವು ಅಂಶಗಳನ್ನು ವಿಚಾರಿಸಬೇಕು. ಬೆಸುಗೆಯ ಪಟ್ಟಿ ಅಗಲವಾಗಿರಲಿ. ಎರಡು ಗೆರೆಯ ಬೆಸುಗೆಯಾದರೆ ಇನ್ನೂ ಉತ್ತಮ. ಒದ್ದೆ ಪದಾರ್ಥಕ್ಕೆ ಹೆಚ್ಚು ಹೊತ್ತು ಕಾಯಿಸುವ ಏರ್ಪಾಡು ಇರಲಿ. ರಸ ಬಿದ್ದರೆ ಹಿಡಿದುಕೊಳ್ಳುವ ತಟ್ಟೆಯನ್ನು ಹೊರತೆಗೆದು ತೊಳೆಯುವಂತಿರಲಿ. ಎಷ್ಟು ಚೀಲಗಳ ಬಳಿಕ ಯಂತ್ರಕ್ಕೆ ವಿಶ್ರಾಂತಿ ಕೊಡಬೇಕೆಂಬುದನ್ನು ಕೇಳಿ ತಿಳಿಯಿರಿ. ಬಿಡಿಭಾಗವಾಗಿ ರಬ್ಬರು ಪಟ್ಟಿ ದೊರೆಯುವುದೇ ನೋಡಿರಿ. ಮೊದಲು ಸವೆಯುವುದು ಅದೇ. ಅಮೆರಿಕದಿಂದ ಬಂಧುಗಳು ತಂದುಕೊಡುವ ಯಂತ್ರ ಅಲ್ಲಿಯ 120 ವೋಲ್ಟಿನದಾಗಿರಬಹುದು. ನಮ್ಮ 230 ವೋಲ್ಟಿಗೆ ನೇರವಾಗಿ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ.

ಯಂತ್ರದ ಬೆಲೆಯನ್ನು ಒಮ್ಮೆ ಕೊಡುತ್ತೇವೆ, ಚೀಲದ ಬೆಲೆಯನ್ನು ವರುಷವೆಲ್ಲ. ಬರಿಯ ಪಾಲಿಥೀನ್ ನೀರಾವಿಯನ್ನು ತಡೆದರೂ ಆಮ್ಲಜನಕವನ್ನು ಮೆಲ್ಲಗೆ ಒಳಬಿಡುತ್ತದೆ. ನೈಲಾನ್ ಪದರವನ್ನೂ ಕೂಡಿಸಿದ ಚೀಲ ಅದನ್ನು ಬಹಳಷ್ಟು ತಡೆಯುತ್ತದೆ. ಯಾವುದೇ ಸಂಸ್ಥೆಯ ಚೀಲ ಹಿಡಿಯುವ ಯಂತ್ರ, ತನ್ನದೇ ಚೀಲವನ್ನು ಬೇಡುವ ಯಂತ್ರಕ್ಕಿಂತ ಲೇಸು. ಹಸಿಮೀನು ತುಂಬಿದ್ದ ಚೀಲವನ್ನು ತೊಳೆದು ಮತ್ತೆ ಬಳಸಬೇಡಿ. ಚೀಲವನ್ನು ತೆಳ್ಳಗೆ, ಚಪ್ಪಟೆಯಾಗಿ ತುಂಬಿರಿ. ದಪ್ಪ ಎರಡರಷ್ಟಾದರೆ ಹೆಪ್ಪುಗಟ್ಟುವ ಕಾಲ ಎರಡರಷ್ಟಕ್ಕಿಂತ ಹೆಚ್ಚಾಗಬಹುದು. ನಿಧಾನವಾಗಿ ಹೆಪ್ಪುಗಟ್ಟಿದರೆ ಮಂಜಿನ ಹರಳು ದೊಡ್ಡದಾಗಿ ಜೀವಕೋಶಗಳನ್ನು ಹರಿದು, ಕರಗಿದಾಗ ಪದಾರ್ಥ ಮೆತ್ತಗಾಗುತ್ತದೆ.

ಎಲ್ಲಕ್ಕಿಂತ ಮೊದಲು ನಿಮ್ಮ ಫ್ರೀಜರನ್ನೇ ಪರೀಕ್ಷಿಸಿರಿ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿರುವ ನಕ್ಷತ್ರಗಳ ಚೀಟಿ ವಿದ್ಯುತ್ತಿನ ಉಳಿತಾಯವನ್ನು ತಿಳಿಸುತ್ತದೆಯೇ ಹೊರತು ಚಳಿಯನ್ನಲ್ಲ. ಚಳಿಯನ್ನು ಅಳೆಯತಕ್ಕ ಉಷ್ಣತಾಮಾಪಕವನ್ನು ಒಂದು ರಾತ್ರಿ ಪೊಟ್ಟಣಗಳ ನಡುವೆ ಇಟ್ಟು ನೋಡಿರಿ. ಮೈನಸ್ 18ಕ್ಕೆ ಇಳಿಯದಿದ್ದರೆ ಆ ಫ್ರೀಜರಿನಲ್ಲಿ ಮೀನನ್ನು ತಿಂಗಳುಗಟ್ಟಲೆ ಇಡುವ ಯೋಚನೆ ಬಿಡಬೇಕು, ಸೀಲರ್ ಎಷ್ಟೇ ಬೆಲೆಯದಿದ್ದರೂ ಸರಿ. ವಿದ್ಯುತ್ತು ಹೋದಾಗ ಬಾಗಿಲನ್ನು ತೆರೆಯದಿರುವುದೇ ಉಪಾಯ. ತುಂಬಿದ ಫ್ರೀಜರ್ ಅರೆತುಂಬಿದುದಕ್ಕಿಂತ ಹೆಚ್ಚು ಹೊತ್ತು ಚಳಿಯನ್ನು ಹಿಡಿದಿಡುತ್ತದೆ.

ಇದನ್ನೆಲ್ಲ ಕೇಳಿದ ಮೇಲೆ ಹುಡುಗಿ ತಾನೇ ಉಷ್ಣತಾಮಾಪಕವನ್ನು ತಂದು ಫ್ರೀಜರಿನಲ್ಲಿಟ್ಟಳು. ಬೆಳಗ್ಗೆ ನೋಡಿದಾಗ ಅದು ಮೈನಸ್ 11 ತೋರಿಸುತ್ತಿತ್ತು. ಹಿಂಬದಿಯಲ್ಲಿ ಬೆರಳು ದಪ್ಪದ ಮಂಜು ಕಟ್ಟಿತ್ತು. ಬಾಗಿಲಿನ ರಬ್ಬರು ಒಂದು ಕಡೆ ಸೀಳಿತ್ತು. ರಬ್ಬರನ್ನು ಬದಲಾಯಿಸಿ, ಮಂಜನ್ನು ಕರಗಿಸಿದ ಬಳಿಕ ಎರಡೇ ದಿನಗಳಲ್ಲಿ ಅದು ಮೈನಸ್ 18ಕ್ಕೆ ಇಳಿಯಿತು. ಆಮೇಲೆಯೇ ಅವರು ಯಂತ್ರವನ್ನು, ಎರಡನೆಯ ಬಗೆಯ ಒಂದು ಸಾಧಾರಣ ಯಂತ್ರವನ್ನು ಕೊಂಡರು. ಜೊತೆಗೆ ಒಂದು ಥರ್ಮೋಕೋಲ್ ಪೆಟ್ಟಿಗೆಯನ್ನೂ ಕೊಂಡರು.

ಈಗ ಸಂಡೂರಿನ ಬಸ್ಸಿಗೆ ಹೋಗುವುದು ಆ ಪೆಟ್ಟಿಗೆ. ಒಳಗೆ ಕಲ್ಲಿನಂತೆ ಹೆಪ್ಪುಗಟ್ಟಿದ ಮೀನಿನ ಪೊಟ್ಟಣ, ಅದರ ಸುತ್ತ ಮಂಜುಗಡ್ಡೆ. ಮೇಲೆ ಹುಡುಗಿ ತನ್ನ ಕೈಯಲ್ಲೇ ಬರೆದ ಚೀಟಿ: ಬಿಗಿದ ದಿನಾಂಕ, ಮತ್ತು "ಅಣ್ಣಾ, ತಲಪಿದ ಕೂಡಲೇ ಫ್ರೀಜರಿಗೆ ಇಡು. ಕರಗಿಸುವ ಮುನ್ನ ಚೀಲ ಕತ್ತರಿಸು. ಮೆತ್ತಗಾಗಿ ಬಂದಿದ್ದರೆ ತಿನ್ನಬೇಡ."